ದನ ನೋಡುವ ಕೆಲಸ

ಮುಕ್ತಿಯಾರ್ ಸಾಬರು ಏನು ಕೆಲಸ ಮಾಡುತ್ತಾರೆ ಎಂದು ಕಡೂರಿನ ಅವರ ಬೀದಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. "ಅವ್ರಾ? ದನ ನೋಡ್ತಾರೆ" ಎನ್ನುತ್ತಾರೆ. ದನ ಮೇಯಿಸುವುದಲ್ಲ, ಹಾಲು ಕರೆಯುವುದಲ್ಲ, ಸಂತೆಯಲ್ಲಿ ಕೊಳ್ಳುವುದೂ ಅಲ್ಲ, ಮಾರುವುದೂ ಅಲ್ಲ. ಬರೀ ನೋಡುವುದು. ಇದಕ್ಕೆ ವಿಶ್ವವಿದ್ಯಾಲಯದವರು ಕರೆದು ಸಂಬಳ ಕೊಡುತ್ತಾರೆ ಎಂದರೆ ಹೊಸದಾಗಿ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ತಮಗೂ ಅಂಥದ್ದೊಂದು ಸಿಗಬಹುದೇ ಎಂದು ವಿಚಾರಿಸುತ್ತಾರೆ. ಚಹಾದಂಗಡಿಯ ಓಂಕಾರೇಶನಂತೂ "ಸಾಬ್ರೇ, ನಮ್ಮನೇಲೂ ಒಂದು ಎಮ್ಮೆ ಐತೆ, ಹೋಗ್ತಾ ಹಂಗೇ ಒಂದ್ಸಲ ನೋಡ್ಬಿಟ್ಟು ಹೋಗಿ" ಎಂದು ಇಪ್ಪತ್ತು ವರ್ಷದಿಂದ ಒಂದೇ ತಮಾಷೆ ಮಾಡುತ್ತ ಬಂದಿದ್ದಾನೆ. ಮುಕ್ತಿಯಾರ್ ಕೂಡ ಇಪ್ಪತ್ತು ವರ್ಷದಿಂದ ಒಂದೇ ನಗು ನಗುತ್ತ ಬಂದಿದ್ದಾರೆ. ಅವರಿಬ್ಬರ ನಡುವಿನ ಮಾತುಕತೆ ಅಷ್ಟೇ. ಈಚಿನ ವರ್ಷಗಳಲ್ಲಿ ಎಷ್ಟೋ ದಿನ ಮುಕ್ತಿಯಾರ್ ಮನುಷ್ಯರ ಜೊತೆ ಹಂಚಿಕೊಂಡದ್ದೂ ಅಷ್ಟೇ.

ನಗುವವರು ನಗಲಿ ಬಿಡಿ. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ಕಡೆ ಅಲುಗಾಡದೆ ಕೂತು, ಐದೈದು ನಿಮಿಷಕ್ಕೆ ಒಮ್ಮೆ ಯಾವ ಹಸು ಯಾವ ಹಸುವಿನ ಪಕ್ಕ ನಿಂತಿದೆ, ಯಾವುದು ಮಲಗಿದೆ, ಯಾವುದು ತಲೆ ಎತ್ತಿದೆ ಎಂದು ಗುರುತು ಹಾಕಿಕೊಳ್ಳುವ ಕೆಲಸವನ್ನು ನಕ್ಕವರಲ್ಲಿ ಒಬ್ಬರೂ ಒಂದು ವಾರ ಮಾಡಲಾರರು. ಮುಕ್ತಿಯಾರ್ ಇಪ್ಪತ್ತೆರಡು ವರ್ಷ ಮಾಡಿದರು.

ಅವರು ಹುಟ್ಟಿದ್ದು ತರೀಕೆರೆಯಲ್ಲಿ. ತಂದೆ ಅಲ್ಲಿನ ಬಸ್ ಸ್ಟ್ಯಾಂಡಿನ ಪಕ್ಕ ಕೊಡೆ, ಟಾರ್ಚು, ಸ್ಟೋವು ರಿಪೇರಿ ಮಾಡುತ್ತಿದ್ದರು. ಮಗ ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಕಡೂರಿಗೆ ಬಂದು ಬ್ಯಾಟರಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿಕೊಂಡ. 2003ರಲ್ಲಿ ಒಂದು ಮಧ್ಯಾಹ್ನ ಆ ಅಂಗಡಿಗೆ ಜೀಪಿನ ಬ್ಯಾಟರಿ ಚಾರ್ಜ್ ಮಾಡಿಸಲು ಒಬ್ಬರು ಬಂದರು. ಅವರೇ ಜಯದೇವಪ್ಪ ಮೇಷ್ಟ್ರು, ವಿಶ್ವವಿದ್ಯಾಲಯದ ಪ್ರಾಣಿ ವರ್ತನೆ ಪ್ರಯೋಗಾಲಯದ ಮುಖ್ಯಸ್ಥರು. ಚಾರ್ಜ್ ಆಗಲು ಎರಡು ತಾಸು ಬೇಕಿತ್ತು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಬೇಸರಕ್ಕೆ ಮಾತು ತೆಗೆದರು.

"ದಿನಾ ಇಲ್ಲೇ ಕೂತಿರೋಕೆ ಬೇಜಾರಾಗಲ್ವೇನಪ್ಪಾ?"

"ಇಲ್ಲ ಸಾರ್. ನಾಯಿಗಳಿವೆಯಲ್ಲ, ನೋಡ್ತಿರ್ತೀನಿ."

ಮೇಷ್ಟ್ರು ಯಾವ ನಾಯಿ ಎಂದರು. ಆಗ ಮೂವತ್ತೆಂಟು ವಯಸ್ಸಿನ ಮುಕ್ತಿಯಾರ್ ಅಂಗಡಿಯೆದುರಿನ ಬಸ್ ಸ್ಟ್ಯಾಂಡಿನ ಏಳು ನಾಯಿಗಳ ಚರಿತ್ರೆ ಬಿಚ್ಚಿದರು. ಬಾಲ ಮುರಿದ ಕೆಂದ ನಾಯಿ ಇಡೀ ದಿನ ಮಲಗಿರುತ್ತದೆ, ಶಿವಮೊಗ್ಗದ ಹತ್ತು ಗಂಟೆ ಬಸ್ಸು ಬಂದಾಗ ಮಾತ್ರ ಏಳುತ್ತದೆ. ಜನ ಅದಕ್ಕೆ ಬಸ್ಸಿನ ಟೈಮು ಗೊತ್ತು ಅನ್ನುತ್ತಾರೆ. ಅದು ಸುಳ್ಳು.

"ಆ ಬಸ್ಸಿಗೆ ಒಬ್ಬ ಕಂಡಕ್ಟರ್ ಬರ್ತಾನೆ ಸಾರ್, ಬನ್ನು ಹಾಕ್ತಾನೆ. ಅವನು ರಜ ಹಾಕಿದ ದಿವ್ಸ ಅದೇ ಬಸ್ಸು ಅದೇ ಟೈಮಿಗೆ ಬಂದ್ರೂ ನಾಯಿ ಏಳಲ್ಲ. ಅದು ಬಸ್ಸನ್ನ ಕಾಯಲ್ಲ, ಆ ಮನುಷ್ಯನ್ನ ಕಾಯುತ್ತೆ."

ಮೇಷ್ಟ್ರು ಬ್ಯಾಟರಿ ಜೊತೆ ಮುಕ್ತಿಯಾರರನ್ನೂ ಜೀಪಿಗೆ ಹಾಕಿಕೊಂಡು ಹೋದರು ಎಂದು ಅಂಗಡಿಯವರು ಆಮೇಲೆ ಬಹಳ ದಿನ ಹೇಳಿಕೊಂಡು ನಕ್ಕರು.

ಕರೆದುಕೊಂಡು ಹೋದದ್ದು ಎಮ್ಮೆದೊಡ್ಡಿಗೆ. ಅಲ್ಲಿನ ಕಾವಲಿನಲ್ಲಿ, ಅಂದರೆ ಅಮೃತಮಹಲ್ ದನಗಳಿಗೆಂದೇ ಬಿಟ್ಟಿರುವ ಹುಲ್ಲುಗಾವಲಿನಲ್ಲಿ, ಪ್ರಯೋಗಾಲಯದವರು ಒಂದು ಹಿಂಡಿನ ಅಧ್ಯಯನ ಶುರುಮಾಡಿದ್ದರು. ಕಾವಲಿನ ಅಂಚಿಗೆ ಎರಡು ಕೋಣೆ, ಮೇಲೆ ತಗಡಿನ ಶೀಟು. ದನಗಾಹಿಗಳು ಅದನ್ನು ಆಪೀಸು ಎನ್ನುತ್ತಿದ್ದರು. ಅಲ್ಲಿಂದ ಒಂದು ಮೈಲಿ ನಡೆದರೆ ಹಿಂಡು ಮಲಗುವ ಬಯಲು. ಬಯಲಿನ ಪೂರ್ವಕ್ಕೆ, ಜಾಲಿ ಮರದ ಕೆಳಗೆ, ಕಲ್ಲು ಪೇರಿಸಿ ತಡಿಕೆ ಕಟ್ಟಿದ ಒಂದು ಮರೆ. ಬೆಳಗಿನ ಬಿಸಿಲು ನೋಡುವವನ ಕಣ್ಣಿಗೆ ಹೊಡೆಯಬಾರದು, ಬೆನ್ನಿಗೆ ಬೀಳಬೇಕು ಎಂದು ಮೇಷ್ಟ್ರು ಯೋಚಿಸಿಯೇ ಪೂರ್ವಕ್ಕೆ ಕಟ್ಟಿಸಿದ್ದರು.

ಮೊದಲ ದಿನ ಮೇಷ್ಟ್ರು ಹೇಳಿಕೊಟ್ಟ ಪಾಠ ಒಂದೇ. "ನೋಡಪ್ಪಾ ಮುಕ್ತಿಯಾರ್, ನೀನು ಅಲ್ಲಿ ಇಲ್ಲ. ತಿಳೀತಾ? ಮುಟ್ಟಬಾರ್ದು, ಕರೀಬಾರ್ದು, ಹೆಸರಿಡಬಾರ್ದು. ಅವಕ್ಕೆ ನಂಬರಿದೆ, ಅಷ್ಟು ಸಾಕು. ಅವು ಏನು ಮಾಡ್ತವೋ ಅದನ್ನ ಬರಿ. ನಿನ್ನ ವಿಷಯ ಬರೀಬೇಡ. ನೀನು ಇದ್ರೆ ತಾನೆ ಬರೆಯೋದು?"

ಅದೇ ದಿನ ಹಿಂಡಿನ ದನಗಾಹಿ ಲಕ್ಕಣ್ಣ ಅವರನ್ನು ಪಕ್ಕಕ್ಕೆ ಕರೆದು ಇನ್ನೊಂದು ಪಾಠ ಹೇಳಿದ. "ಮೇಷ್ಟ್ರು ಓದಿದೋರು, ಹೇಳ್ತಾರೆ. ಇವು ಅಮೃತಮಹಲ್ ದನ ಕಣ್ರೀ ಸಾಬ್ರೇ. ಸದ್ದಿಲ್ದಂಗೆ ಹತ್ರ ಹೋದ್ರೆ ಕಳ್ಳ ಬಂದ ಅಂತ ಕೊಂಬಿಗೆ ತಗಂತವೆ. ಯಾರೇ ಆಗ್ಲಿ, ದೂರದಿಂದ ಬಾಯ್ಬಿಟ್ಟು ಒಂದು ಸದ್ದು ಮಾಡಿ ಹೋಗ್ಬೇಕು. ನಮ್ಮಪ್ಪನೂ ಹಂಗೇ ಹೋಗ್ತಿದ್ದ, ನಾನೂ ಹಂಗೇ ಹೋಗ್ತೀನಿ."

ಲಕ್ಕಣ್ಣನ ಸದ್ದು ಹೊಟ್ಟೆಯಿಂದ ಬರುವ ಒಂದು ಉದ್ದನೆಯ ಕೂಗು. ಅದು ಮುಕ್ತಿಯಾರರ ಗಂಟಲಿಗೆ ಒಗ್ಗಲಿಲ್ಲ, ನಾಚಿಕೆಯೂ ಆಯಿತು. ಜೀವ ಇರುವ ಕಡೆ ಕಾಲಿಡುವ ಮೊದಲು ಸಲಾಂ ಹೇಳಬೇಕು ಎಂದು ಚಿಕ್ಕಂದಿನಲ್ಲಿ ಅಮ್ಮ ಕಲಿಸಿದ್ದು ನೆನಪಾಯಿತು. ಮರೆಯ ಹತ್ತಿರ ಬಂದಾಗ ಸಣ್ಣಗೆ ಕೆಮ್ಮಿ, ತಗ್ಗಿದ ದನಿಯಲ್ಲಿ "ಅಸ್ಸಲಾಮು ಅಲೈಕುಂ" ಎಂದರು. ಹಸುಗಳು ಹಾಯಲು ಬರಲಿಲ್ಲ. ಮಾರನೆಯ ದಿನವೂ ಹೇಳಿದರು. ಒಂದು ತಿಂಗಳಲ್ಲಿ ಅದು ಚಪ್ಪಲಿ ಬಿಡುವಷ್ಟು ಸಹಜವಾಯಿತು. ಒಂದು ವರ್ಷದಲ್ಲಿ, ಹೇಳುತ್ತಿದ್ದೇನೆ ಎಂಬುದು ಅವರಿಗೇ ಮರೆತುಹೋಯಿತು. ಬರೆಯುವ ಹಾಳೆಯಲ್ಲಿ ಹಸುಗಳಿಗೆ ಕಾಲಂ ಇತ್ತು, ಗಾಳಿಗೆ, ಮೋಡಕ್ಕೆ, ಮಳೆಗೆ ಕಾಲಂ ಇತ್ತು. ನೋಡುವವನಿಗೆ ಇರಲಿಲ್ಲ.

ಆ ಹಾಳೆಗಳಿಂದಲೇ ಪ್ರಯೋಗಾಲಯಕ್ಕೆ ಹೆಸರು ಬಂತು. ಮುಕ್ತಿಯಾರ್ ದಿನವೂ ಸೂರ್ಯ ಹುಟ್ಟುವ ಹೊತ್ತಿಗೆ ಸರಿಯಾಗಿ ಬರೆಯಲು ಶುರುಮಾಡಬೇಕಿತ್ತು. ಆಪೀಸಿನ ಗೋಡೆಗೆ ವರ್ಷವಿಡೀ ಸೂರ್ಯೋದಯದ ಪಟ್ಟಿ ಅಂಟಿಸಿತ್ತು, ಅದನ್ನು ನೋಡಿಕೊಂಡು ಕಡೂರಿನಿಂದ ಮೊಪೆಡ್ ಹೊರಡಿಸುತ್ತಿದ್ದರು. ಮೊಪೆಡ್ಡನ್ನು ಆಪೀಸಿನಲ್ಲೇ ಬಿಟ್ಟು ಕ್ಯಾನ್ವಾಸ್ ಶೂ ಹಾಕಿಕೊಂಡು ಸದ್ದಿಲ್ಲದೆ ನಡೆಯುತ್ತಿದ್ದರು. ಹಾಗೆ ತುಂಬಿದ ಸಾವಿರಾರು ಹಾಳೆಗಳಲ್ಲಿ ಮೊದಲ ಸಾಲು ಒಂದೇ ರೀತಿ ಇತ್ತು: ಸೂರ್ಯ ಹುಟ್ಟುವ ಗಳಿಗೆಯಲ್ಲಿ ಹಿಂಡಿಗೆ ಹಿಂಡೇ ತಲೆ ಎತ್ತಿ, ಪೂರ್ವಕ್ಕೆ ಮುಖಮಾಡಿ, ಸುಮಾರು ಒಂದು ನಿಮಿಷ ನಿಲ್ಲುತ್ತದೆ. ಮೋಡ ಕವಿದ ದಿನವೂ ನಿಲ್ಲುತ್ತದೆ. ಜಯದೇವಪ್ಪ ಮೇಷ್ಟ್ರು ಇದಕ್ಕೆ 'ಮುಂಜಾನೆಯ ಎಚ್ಚರ' ಎಂದು ಹೆಸರಿಟ್ಟರು. ಸೂರ್ಯ ಕಾಣದಿದ್ದರೂ ಸೂರ್ಯನನ್ನು ಅರಿಯುವ ಹಸುಗಳು ಎಂದು 2011ರಲ್ಲಿ ದೊಡ್ಡ ಪತ್ರಿಕೆಯೊಂದರಲ್ಲಿ ಪ್ರಬಂಧ ಬಂತು. ಬರೆದವರ ಪಟ್ಟಿಯಲ್ಲಿ ಕೊನೆಯದಾಗಿ, 'ಮುಕ್ತಿಯಾರ್, ಕಡೂರು' ಎಂದಿತ್ತು.

ಆ ಪುಟಕ್ಕೆ ಪ್ಲಾಸ್ಟಿಕ್ ಹಾಕಿಸಿ ಷೋಕೇಸಿನಲ್ಲಿ ಇಟ್ಟವರು ಹೆಂಡತಿ ಜಹೀರುನ್ನೀಸಾ. ಪಿಯುಸಿ ಫೇಲಾದವನ ಹೆಸರು ಇಂಗ್ಲಿಷ್ ಪತ್ರಿಕೆಯಲ್ಲಿ ಬಂದಿದೆ ಎಂದು ಬ್ಲೌಸು ಹೊಲಿಸಲು ಬಂದವರಿಗೆಲ್ಲ ತೋರಿಸುತ್ತಿದ್ದರು. ಆ ದಂಪತಿಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಇದ್ದದ್ದು ಇಬ್ಬರು ಮತ್ತು ಒಂದು ಹೊಲಿಗೆ ಮೆಶಿನ್ನು. ಮಧ್ಯಾಹ್ನ ಮುಕ್ತಿಯಾರ್ ಮನೆಗೆ ಬರುವಾಗ ಕಾವಲಿನ ನಡಿಗೆಯಲ್ಲೇ ಬರುತ್ತಿದ್ದರು, ಸದ್ದೇ ಇರುತ್ತಿರಲಿಲ್ಲ. ತಿರುಗಿ ನೋಡಿದರೆ ಹಿಂದೆ ಗಂಡ ನಿಂತಿರುತ್ತಿದ್ದ. "ಅಜೀ, ಬೆಕ್ಕು ಬಂದ ಹಾಗೆ ಬರ್ತೀರಲ್ಲ, ನನ್ನ ಜೀವ ಹೋಗುತ್ತೆ. ಬಾಗಿಲಲ್ಲಿ ಸಲಾಂ ಹೇಳಿ ಒಳಗೆ ಬನ್ನಿ" ಎಂದು ಜಗಳ ತೆಗೆದು ಅಭ್ಯಾಸ ಮಾಡಿಸಿದರು. ಮುಕ್ತಿಯಾರ್ ಬಾಗಿಲಲ್ಲಿ ಸಲಾಂ ಹೇಳಿದರೆ ಒಳಗೆ ಮೆಶಿನ್ನಿನ ಸದ್ದು ನಿಲ್ಲುತ್ತಿತ್ತು. ಜಹೀರುನ್ನೀಸಾ ಬಟ್ಟೆಯಿಂದ ತಲೆ ಎತ್ತಿ ನೋಡಿ, "ವ ಅಲೈಕುಂ ಅಸ್ಸಲಾಂ" ಎಂದು ನಿಧಾನವಾಗಿ ಹೇಳಿ, ಮತ್ತೆ ಮೆಶಿನ್ನು ತುಳಿಯುತ್ತಿದ್ದರು.

2018ರಲ್ಲಿ ಆಕೆ ತೀರಿಕೊಂಡರು. ಎರಡು ತಿಂಗಳ ಕಾಯಿಲೆ. ಮುಕ್ತಿಯಾರ್ ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ಆ ಮೂರು ದಿನದ ಹಾಳೆ ಖಾಲಿ, ಅವರು ಬಿಟ್ಟರೆ ಬರೆಯುವವರು ಬೇರೆ ಇರಲಿಲ್ಲ. ನಾಲ್ಕನೆಯ ದಿನ ಹೋದರು. ಮಧ್ಯಾಹ್ನ ಬಂದು ಬೀಗ ತೆಗೆದು ಬಾಗಿಲಲ್ಲಿ ನಿಂತರು. ಖಾಲಿ ಮನೆಯಾದರೂ ಸಲಾಂ ಹೇಳಿಯೇ ಕಾಲಿಡಬೇಕು ಎಂದು ಹಿರಿಯರು ಹೇಳುತ್ತಾರೆ. ಅವರಿಗೆ ಬಾಯಿ ಬರಲಿಲ್ಲ. ಅಂದಿನಿಂದ ಆ ಬಾಗಿಲಲ್ಲಿ ಏನೂ ಹೇಳದೆ, ಬೆಕ್ಕಿನ ಹಾಗೆ ಒಳಗೆ ಹೋಗುವುದೇ ರೂಢಿಯಾಯಿತು.

ತರೀಕೆರೆಯಲ್ಲಿ ತಂಗಿ ಅಲ್ಮಾಸ್ ಇದ್ದಾಳೆ, ಹಬ್ಬಕ್ಕೆ ಕರೆಯುತ್ತಾಳೆ. ಹೋಗುತ್ತಾರೆ, ಒಂದು ಮೂಲೆ ಹಿಡಿದು ಕೂರುತ್ತಾರೆ, ಯಾರು ಯಾರ ಪಕ್ಕ ಕೂತರು ಎಂದು ನೋಡುತ್ತಾರೆ, ಎದ್ದು ಬರುತ್ತಾರೆ. ಅಣ್ಣ ಯಾವಾಗ ಹೋದ ಎಂದು ತಂಗಿಗೆ ಗೊತ್ತಾಗುವುದು ಒಂದು ತಾಸಿನ ಮೇಲೆ. ಅಲ್ಲಿ ಇಲ್ಲದ ಹಾಗೆ ಇರುವುದನ್ನು ಮೇಷ್ಟ್ರು ಕಲಿಸಿದ್ದರು, ಶಿಷ್ಯ ಅದನ್ನು ಅಗತ್ಯಕ್ಕಿಂತ ಚೆನ್ನಾಗಿ ಕಲಿತುಬಿಟ್ಟಿದ್ದ. ಮೇಷ್ಟ್ರೂ ತೀರಿಹೋದರು. ಅವರ ಶಿಷ್ಯೆ, ಅಜ್ಜಂಪುರದ ಕೋಮಲಾ, ಪ್ರಯೋಗಾಲಯದ ಮುಖ್ಯಸ್ಥೆಯಾದರು. ವಿದ್ಯಾರ್ಥಿನಿಯಾಗಿ ಅದೇ ಮರೆಯಲ್ಲಿ ಮುಕ್ತಿಯಾರರ ಪಕ್ಕ ಕೂತು ಕೆಲಸ ಕಲಿತವರು. ಈಗಲೂ "ಮುಕ್ತಿಯಾರಣ್ಣ" ಎಂದೇ ಕರೆಯುತ್ತಾರೆ.

ಕಳೆದ ವರ್ಷ ಮುಕ್ತಿಯಾರರಿಗೆ ಅರವತ್ತು ತುಂಬುವುದಿತ್ತು, ನಿವೃತ್ತಿ ಹತ್ತಿರ ಬಂತು. ಅವರ ಜಾಗಕ್ಕೆ ಮತ್ತೊಬ್ಬರು ಸಿಗುವ ಹಾಗಿರಲಿಲ್ಲವಾದ್ದರಿಂದ ಕೋಮಲಾ ಮರೆಯಲ್ಲಿ ಒಂದು ಕ್ಯಾಮೆರಾ ಕೂರಿಸಿದರು. ಸೂರ್ಯೋದಯಕ್ಕೆ ಸ್ವಲ್ಪ ಮೊದಲು ತಾನೇ ಶುರುವಾಗಿ ಚಿತ್ರ, ಸದ್ದು ಎರಡನ್ನೂ ಹಿಡಿದುಕೊಳ್ಳುವಂಥದ್ದು. ಎರಡು ದಿನ ಮುಕ್ತಿಯಾರ್ ಇದ್ದಾಗಲೇ ಅದನ್ನು ಓಡಿಸಿ ನೋಡಿದರು. ಮೂರನೆಯ ದಿನದಿಂದ ಮುಕ್ತಿಯಾರ್ ರಜೆ, ಎಡಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ಎರಡು ವಾರ ಬಿಟ್ಟು ಆಪೀಸಿಗೆ ಬಂದರು. ಡಾಕ್ಟರು ಧೂಳಿಗೆ ಹೋಗಬೇಡಿ ಎಂದಿದ್ದರು, ಪರದೆ ನೋಡಬೇಡಿ ಎಂದಿರಲಿಲ್ಲ. "ಹಾಗಾದ್ರೆ ಆ ಹದಿನಾಲ್ಕು ದಿನದ್ದು ಕೂತು ನೋಡಿ ಹಾಳೆ ತುಂಬಿಸಿಬಿಡಿ ಮುಕ್ತಿಯಾರಣ್ಣ" ಎಂದರು ಕೋಮಲಾ. ಮುಂದಿನ ತಿಂಗಳು ದೊಡ್ಡ ಸಮ್ಮೇಳನ ಇತ್ತು. ಮುಂಜಾನೆಯ ಎಚ್ಚರದ ಮೇಲೆ ಅವರ ಭಾಷಣವಿತ್ತು, ಅವರ ಹೊಸ ಕೆಲಸವೆಲ್ಲ ನಿಂತಿದ್ದೇ ಅದರ ಮೇಲೆ.

ಮುಕ್ತಿಯಾರ್ ಮೊದಲ ಬೆಳಗನ್ನು ಹಾಕಿದರು. ಸೂರ್ಯ ಹುಟ್ಟಿದ. ಹಸುಗಳು ಮಲಗಿದ್ದವು ಮಲಗಿಯೇ ಇದ್ದವು, ಮೇಯುತ್ತಿದ್ದವು ಮೇಯುತ್ತಲೇ ಇದ್ದವು. ಒಂದೂ ತಲೆ ಎತ್ತಲಿಲ್ಲ. ಕ್ಯಾಮೆರಾದ ಗಡಿಯಾರ ತಪ್ಪಿರಬೇಕು ಎಂದುಕೊಂಡು ಮುಂದೆ ಓಡಿಸಿದರು. ಇಲ್ಲ. ಎರಡನೆಯ ಬೆಳಗು ನೋಡಿದರು, ಮೂರನೆಯದು ನೋಡಿದರು. ಮಧ್ಯಾಹ್ನದ ಊಟ ಮರೆತು ಹದಿನಾಲ್ಕನ್ನೂ ನೋಡಿದರು. ಹದಿನಾಲ್ಕು ಸಲ ಸೂರ್ಯ ಹುಟ್ಟಿದ, ಹಸುಗಳಿಗೆ ಅವನ ಪರಿವೆಯೇ ಇರಲಿಲ್ಲ.

ಆಮೇಲೆ, ತಾವು ರಜೆ ಹಾಕುವ ಮೊದಲಿನ ಎರಡು ಬೆಳಗು ನೆನಪಾಗಿ ಅದನ್ನು ಹಾಕಿದರು. ಮಸುಕು ಬೆಳಕು, ಮಲಗಿದ ಹಿಂಡು. ಎಲ್ಲೋ ಹತ್ತಿರದಲ್ಲೇ ಯಾರೋ ಕೆಮ್ಮಿದ ಸದ್ದು. ಆಮೇಲೆ ಒಂದು ತಗ್ಗಿದ ದನಿ, "ಅಸ್ಸಲಾಮು ಅಲೈಕುಂ". ಹಿಂಡಿನ ಇಪ್ಪತ್ತಾರು ಹಸುಗಳೂ ಒಟ್ಟಿಗೆ ತಲೆ ಎತ್ತಿ ಮರೆಯ ಕಡೆ ನೋಡಿದವು.

ಆ ದನಿ ಯಾರದು ಎಂದು ಅವರಿಗೆ ಕೂಡಲೇ ಗೊತ್ತಾಗಲಿಲ್ಲ. ತಮ್ಮ ದನಿಯನ್ನು ಅವರು ಹೊರಗಿನಿಂದ ಕೇಳಿದ್ದೇ ಇಲ್ಲ. ಎರಡನೆಯ ಸಲ ಕೇಳಿದಾಗ ಗೊತ್ತಾಯಿತು, ಅದು ತಮ್ಮದೇ. ಮೂರನೆಯ ಸಲ, ನಾಲ್ಕನೆಯ ಸಲ ಹಿಂದೆ ಓಡಿಸಿ ನೋಡಿದರು. ಹಸುಗಳು ಸೂರ್ಯನನ್ನು ನೋಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ, ಪ್ರತಿ ಬೆಳಗ್ಗೆ, ಅವು ಮುಕ್ತಿಯಾರರನ್ನು ನೋಡುತ್ತಿದ್ದವು. ನಾಯಿ ಕಾಯುವುದು ಬಸ್ಸನ್ನಲ್ಲ, ಮನುಷ್ಯನನ್ನು ಎಂದು ಕಂಡುಹಿಡಿದವರಿಗೆ ಇದು ಕಂಡಿರಲಿಲ್ಲ. ಕಾಣುವುದಾದರೂ ಹೇಗೆ, ಅವರು ಅಲ್ಲಿ ಇರಲೇ ಇಲ್ಲವಲ್ಲ.

ಅವರಿಗೆ ನಾಚಿಕೆಯಾಯಿತು, ಭಯವಾಯಿತು. ಅದರ ನಡುವೆ ಒಂದಿಷ್ಟು ಸಂತೋಷವೂ ಆಯಿತು, ಸಂತೋಷವಾದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ಮುಂದೆ ಹದಿನಾಲ್ಕು ಖಾಲಿ ಹಾಳೆ, ಕೈಯಲ್ಲಿ ಪೆನ್ನು. ಮೊದಲ ಸಾಲಿನಲ್ಲಿ ಇಪ್ಪತ್ತಾರು ಎಂದು ಬರೆದರೆ ಯಾರೂ ತಿರುಗಿ ನೋಡುವುದಿಲ್ಲ. ಅವರ ಹಾಳೆಯನ್ನು ಇದುವರೆಗೆ ಯಾರೂ ಅನುಮಾನಿಸಿದ್ದಿಲ್ಲ. ಸೊನ್ನೆ ಎಂದು ಬರೆದರೆ ತೀರಿಹೋದ ಮೇಷ್ಟ್ರ ಹೆಸರು, ಕೋಮಲಾರ ಕೆಲಸ, ಜಹೀರುನ್ನೀಸಾ ಪ್ಲಾಸ್ಟಿಕ್ ಹಾಕಿಸಿದ ಪುಟ, ಎಲ್ಲವೂ ಹೋಗುತ್ತದೆ. ಅವರು ಬದುಕಿನಲ್ಲಿ ಮಾಡಿದ್ದು ಎಂದು ತೋರಿಸಲು ಆ ಒಂದು ಪುಟ ಬಿಟ್ಟರೆ ಬೇರೆ ಏನಿತ್ತು? ಪೆನ್ನಿನ ಮುಚ್ಚಳ ಹಾಕಿ ಹೊರಗೆ ಬಂದರು.

ಹೊರಗೆ ಬೇಲಿಯ ಹತ್ತಿರ ಲಕ್ಕಣ್ಣ ಬೀಡಿ ಸೇದುತ್ತ ಕೂತಿದ್ದ. ಕರಿಕನ್ನಡಕ ಹಾಕಿಕೊಂಡ ಮುಕ್ತಿಯಾರರನ್ನು ನೋಡಿ, "ಏನ್ ಸಾಬ್ರೇ, ಸಿನಿಮಾದೋರ ತರ ಆಗ್ಬಿಟ್ರಿ" ಎಂದ.

"ಲಕ್ಕಣ್ಣ, ಬೆಳಗ್ಗೆ ಹಸುಗಳು ತಲೆ ಎತ್ತುತ್ತವಲ್ಲ, ಯಾಕೆ?"

"ನೀವು ಸಲಾಂ ಹಾಕ್ತೀರಲ್ಲ, ಅದಕ್ಕೆ."

"ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಹುಟ್ಟಿದ ಕರು ಕೂಡ ತಾಯಿ ನೋಡಿ ಕಲ್ತ್ಕಂಡು ಎತ್ತುತ್ತೆ."

"ಮತ್ತೆ ಮೇಷ್ಟ್ರಿಗೆ ಯಾಕೆ ಹೇಳ್ಲಿಲ್ಲ?"

"ಕೇಳಿದೋರು ಯಾರು?" ಎಂದ ಲಕ್ಕಣ್ಣ, ಬೇಸರವೇನೂ ಇಲ್ಲದೆ. ಅವನು ಹೇಳಿದ್ದು ನಿಜ. ಇಪ್ಪತ್ತೆರಡು ವರ್ಷದಲ್ಲಿ ಜೀಪಿನಲ್ಲಿ ಬಂದ ದೊಡ್ಡ ದೊಡ್ಡ ವಿದ್ವಾಂಸರು ಲಕ್ಕಣ್ಣನನ್ನು ಕೇಳಿದ್ದು ಕುಡಿಯುವ ನೀರು ಎಲ್ಲಿದೆ ಎಂಬುದೊಂದೇ.

ಮುಕ್ತಿಯಾರ್ ಕೇಳಬಾರದೆಂದುಕೊಂಡಿದ್ದನ್ನು ಕೇಳಿಯೇಬಿಟ್ಟರು. "ನಾನು ಇಲ್ದಿದ್ದಾಗ ಏನಾದ್ರೂ ಹುಡುಕಿದ್ವಾ?"

ಲಕ್ಕಣ್ಣ ಅವರ ಮುಖ ನೋಡಿದ. ಸುಳ್ಳು ಹೇಳಿ ಸಮಾಧಾನ ಮಾಡುವ ಬುದ್ಧಿ ಅವನಿಗಿರಲಿಲ್ಲ. "ದನ ಅಲ್ವಾ ಸಾಬ್ರೇ. ನೀವು ಬಂದ್ರೆ ನೋಡ್ತವೆ. ಬರ್ದಿದ್ರೆ ಮೇಯ್ತವೆ."

ಮುಕ್ತಿಯಾರ್ ಒಳಗೆ ಹೋಗಿ ಹದಿನಾಲ್ಕು ಹಾಳೆಯಲ್ಲೂ ಸೊನ್ನೆ ಬರೆದರು. ಕಾಣದ್ದನ್ನು ಬರೆದು ಅವರಿಗೆ ರೂಢಿಯಿರಲಿಲ್ಲ, ಅಷ್ಟೇ. ಹಾಳೆಗಳನ್ನು ಕೋಮಲಾರ ಮೇಜಿನ ಮೇಲಿಟ್ಟು, "ಮೇಡಂ, ಒಂದು ತಪ್ಪಾಗಿದೆ. ನನ್ನಿಂದ ಆಗಿದೆ" ಎಂದು ಆ ಎರಡು ಬೆಳಗನ್ನು ಹಾಕಿ ತೋರಿಸಿದರು.

ಕೋಮಲಾ ಮೂರು ಸಲ ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಇದನ್ನ ನಾನು ಕೇಳಿದ್ದೀನಿ ಮುಕ್ತಿಯಾರಣ್ಣ. ನಿಮ್ಮ ಪಕ್ಕ ಕೂರ್ತಿದ್ದೆನಲ್ಲ, ದಿನಾ ಕೇಳ್ತಿದ್ದೆ. ಕೆಲಸ ಶುರುಮಾಡೋ ಮೊದ್ಲು ದುವಾ ಹೇಳ್ಕೊಳ್ತೀರಿ ಅಂದ್ಕೊಂಡಿದ್ದೆ. ನಿಮ್ಮ ದೇವರ ವಿಷಯ, ಕೇಳೋದು ಮರ್ಯಾದೆ ಅಲ್ಲ ಅಂತ ಸುಮ್ನಿದ್ದೆ."

"ಮೇಷ್ಟ್ರು?"

"ಮೇಷ್ಟ್ರಿಗೂ ಕೇಳಿಸಿತ್ತು. ಅವರೇ ನಂಗೆ ಹೇಳಿದ್ದು, ಅವರ ಪ್ರಾರ್ಥನೆಗೆ ಅಡ್ಡ ಮಾತಾಡ್ಬೇಡ ಅಂತ."

ಹೀಗೆ ಒಬ್ಬರ ಮೇಲೊಬ್ಬರಿಗಿದ್ದ ಗೌರವದಿಂದಲೇ, ಪ್ರಬಂಧ ಬಂದು ಹದಿನಾಲ್ಕು ವರ್ಷವಾದ ಒಂದು ವಿಜ್ಞಾನ ತಪ್ಪಿಹೋಗಿತ್ತು. ಒಬ್ಬರಾದರೂ ಸ್ವಲ್ಪ ಮರ್ಯಾದೆಗೆಟ್ಟವರಿದ್ದು, ಏನ್ರೀ ಅದು ಗೊಣಗೋದು ಎಂದು ಕೇಳಿಬಿಟ್ಟಿದ್ದರೆ ಚೆನ್ನಾಗಿತ್ತು.

ಕೋಮಲಾ ಗಟ್ಟಿ ಹೆಂಗಸು. ಆ ರಾತ್ರಿ ಅತ್ತರೋ ಏನೋ ಗೊತ್ತಿಲ್ಲ, ಮಾರನೆಯ ಬೆಳಗ್ಗೆ ಪತ್ರಿಕೆಗೆ ಕಾಗದ ಬರೆದು ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಂಡರು. ಸಮ್ಮೇಳನಕ್ಕೂ ಹೋಗಿ, ನಿಂತು, ನಾವು ತಪ್ಪಿದ್ದೆವು ಎಂದು ಹೇಳಿ ಬಂದರು. ಮುಕ್ತಿಯಾರ್ ಮನೆಯ ಷೋಕೇಸಿನಿಂದ ಆ ಪುಟ ತೆಗೆದು ಹೊಲಿಗೆ ಮೆಶಿನ್ನಿನ ಡ್ರಾಯರಿನಲ್ಲಿ, ದಾರದ ಉಂಡೆಗಳ ಕೆಳಗೆ ಇಟ್ಟರು. ಷೋಕೇಸಿನಲ್ಲಿ ಅದು ಇದ್ದ ಜಾಗ ಮಾತ್ರ ಧೂಳಿಲ್ಲದೆ ಚೌಕವಾಗಿ ಕಾಣುತ್ತಿತ್ತು.

ಆದರೆ ಕೋಮಲಾ ಅಷ್ಟಕ್ಕೇ ಬಿಡಲಿಲ್ಲ. ಹಸುಗಳು ಯಾವ ಮನುಷ್ಯನ ದನಿಗಾದರೂ ತಲೆ ಎತ್ತುತ್ತವೆಯೋ, ಈ ಮನುಷ್ಯನ ದನಿಗೇ ಎತ್ತುತ್ತವೆಯೋ ಎಂದು ಪರೀಕ್ಷೆ ಶುರುಮಾಡಿದರು. ದಿನವೂ ಆಪೀಸಿನಲ್ಲಿ ಒಂದು ಡಬ್ಬಿಯಿಂದ ಚೀಟಿ ಎತ್ತುವುದು. ಚೀಟಿಯಲ್ಲಿ 'ಮುಕ್ತಿಯಾರ್' ಎಂದಿದ್ದರೆ ಅವರು ಸಲಾಂ ಹೇಳಬೇಕು. 'ಕೋಮಲಾ' ಎಂದಿದ್ದರೆ ಅದೇ ಮಾತನ್ನು ಕೋಮಲಾ ಹೇಳಬೇಕು. 'ಮೌನ' ಎಂದಿದ್ದರೆ ಯಾರೂ ಉಸಿರೆತ್ತಬಾರದು. ಹೊಸ ಹಾಳೆಯೂ ಅಚ್ಚಾಯಿತು. ಅದರ ತಲೆಯಲ್ಲಿ, ಗಾಳಿ ಮೋಡಗಳಿಗಿಂತ ಮೇಲೆ, ಒಂದು ಹೊಸ ಕಾಲಂ ಇತ್ತು: ನೋಡುವವರು.

ಮೊದಲ ಸಲ ತಮ್ಮ ಹೆಸರಿನ ಚೀಟಿ ಬಂದ ದಿನ ಮುಕ್ತಿಯಾರ್ ಮರೆಯ ಹತ್ತಿರ ಬಂದು ನಿಂತರು. ಗೊತ್ತಿಲ್ಲದೆ ಎಂಟು ಸಾವಿರ ಸಲ ಹೇಳಿದ್ದನ್ನು ಗೊತ್ತಿದ್ದು ಒಂದು ಸಲ ಹೇಳುವುದು ಕಷ್ಟ. ಕೆಮ್ಮಿದರು, ಹೇಳಿದರು. ಇಪ್ಪತ್ತಾರು ತಲೆ ಮೇಲೆದ್ದವು. ಲಕ್ಕಣ್ಣ ಕರಿಗಣ್ಣಿ ಎಂದು ಕರೆಯುವ ಹನ್ನೊಂದನೆಯ ನಂಬರಿನ ಮುದಿ ಹಸು ಎರಡು ಹೆಜ್ಜೆ ಮುಂದೆ ಬಂದು ನಿಂತು ನೋಡಿತು. ಎಷ್ಟು ವರ್ಷದ ಮೇಲೆ ತನ್ನನ್ನು ಯಾರೋ ನೋಡುತ್ತಿದ್ದಾರೆ ಎಂದುಕೊಂಡ ಮುಕ್ತಿಯಾರರ ಕಣ್ಣು ತುಂಬಿ ಬಂತು, ಆಪರೇಷನ್ ಆಗದ ಕಣ್ಣೂ ತುಂಬಿತು. ಅದನ್ನು ಹಾಳೆಯಲ್ಲಿ ಬರೆಯಲಿಲ್ಲ. ಕೋಮಲಾ ಹೇಳಿದ ದಿನಗಳಲ್ಲಿ ನಾಲ್ಕೋ ಐದೋ ಹಸುಗಳು ತಲೆ ಎತ್ತಿ ಕೂಡಲೇ ಇಳಿಸಿದವು. ಮೌನದ ದಿನಗಳಲ್ಲಿ ಒಂದೂ ಎತ್ತಲಿಲ್ಲ.

ನಿವೃತ್ತಿಯ ದಿನ ಬಂತು. ಕೊನೆಯ ಬೆಳಗ್ಗೆ ಕೋಮಲಾ ತಾವೇ ಡಬ್ಬಿ ಹಿಡಿದು ನಿಂತರು, ಲಕ್ಕಣ್ಣನೂ ಬಂದಿದ್ದ. ಮುಕ್ತಿಯಾರ್ ಚೀಟಿ ಎತ್ತಿ ಬಿಚ್ಚಿದರು. ಮೌನ.

"ಇನ್ನೊಂದು ಎತ್ತಿ ಮುಕ್ತಿಯಾರಣ್ಣ" ಎಂದರು ಕೋಮಲಾ. "ಕೊನೇ ದಿನ. ಒಂದು ದಿನದ್ದು ನಾನು ಲೆಕ್ಕಕ್ಕೆ ಹಿಡಿಯಲ್ಲ."

ಮುಕ್ತಿಯಾರ್ ಚೀಟಿಯನ್ನು ಮೊದಲಿನಂತೆ ಮಡಿಸಿದರು. ಎತ್ತಬೇಕೆಂದು ಅವರಿಗೆ ಎಷ್ಟು ಆಸೆಯಾಗಿತ್ತೆಂದರೆ ಕೈ ಒಂದು ಸಲ ಡಬ್ಬಿಯವರೆಗೂ ಹೋಗಿತ್ತು. "ಬೇಡ ಮೇಡಂ. ಬಂದಿದ್ದು ಬಂತು" ಎಂದು ಶೂ ಹಾಕಿಕೊಂಡರು.

ಒಂದು ಮೈಲಿ ನಡೆದು, ಸದ್ದಿಲ್ಲದೆ, ಮರೆಯೊಳಗೆ ಹೋಗಿ ಕೂತರು. ಬೆನ್ನಿಗೆ ಬಿಸಿಲು ಬಿತ್ತು. ಹಸುಗಳು ಮೇಯುತ್ತಿದ್ದವು. ಕರಿಗಣ್ಣಿ ಹದಿನೈದು ಮಾರು ದೂರದಲ್ಲಿ ಬೆನ್ನು ತಿರುಗಿಸಿಕೊಂಡು ಮಲಗಿ ಮೆಲುಕು ಹಾಕುತ್ತಿತ್ತು. ಒಂದು ಮಾತು ಆಡಿದರೆ ಸಾಕಿತ್ತು. ಮುಕ್ತಿಯಾರ್ ಗಂಟಲಿಗೆ ಬಂದ ಕೆಮ್ಮನ್ನೂ ನುಂಗಿಕೊಂಡರು. ತಲೆ ಎತ್ತಿದ ಹಸುಗಳು ಎಂಬಲ್ಲಿ ಸೊನ್ನೆ ಬರೆದರು. ನೋಡುವವರು ಎಂಬ ಕಾಲಂ ಖಾಲಿಯಿತ್ತು. ಅಲ್ಲಿ ಹೆಸರು ಬರೆದು, ಅದರ ಮುಂದೆ 'ಇದ್ದೆ' ಎಂದು ಬರೆದರು.

ಮಧ್ಯಾಹ್ನ ಹೊರಡುವಾಗ ಲಕ್ಕಣ್ಣ, "ಈಗ ಪರೀಕ್ಷೆ ಮುಗೀತಲ್ಲ ಸಾಬ್ರೇ, ಒಂದು ಮಾತು ಹೇಳಿ ಹೋಗಿ" ಎಂದ. ನಾಳೆಯಿಂದ ಮುಕ್ತಿಯಾರರ ದನಿಯನ್ನು ಯಂತ್ರದಿಂದ ಹಸುಗಳಿಗೆ ಕೇಳಿಸಿ ನೋಡುವುದಿತ್ತು. ಈಗ ಹೇಳಿದರೆ ಅದು ಕೆಡುತ್ತದೆ ಎಂದು ಮುಕ್ತಿಯಾರ್ ತಲೆ ಅಲ್ಲಾಡಿಸಿದರು. ಲಕ್ಕಣ್ಣನ ಭುಜ ಮುಟ್ಟಿ, ಕೋಮಲಾರಿಗೆ ಕೈ ಮುಗಿದು, ಮೊಪೆಡ್ ಹತ್ತಿದರು. ದಾರಿಯಲ್ಲಿ ಓಂಕಾರೇಶ, "ಏನ್ ಸಾಬ್ರೇ, ನಾಳೆಯಿಂದ ನಮ್ಮೆಮ್ಮೆ ನೋಡೋಕೆ ಬತ್ತೀರಾ?" ಎಂದ. ಅವರು ನಕ್ಕರು.

ಮನೆಯ ಬೀಗ ತೆಗೆದರು. ಮೂಲೆಯಲ್ಲಿ ಮೆಶಿನ್ನು, ಅದರ ಮೇಲೆ ಜಹೀರುನ್ನೀಸಾ ಹೊಲಿದ ಹೂವಿನ ಹೊದಿಕೆ. ಮುಕ್ತಿಯಾರ್ ಹೊಸ್ತಿಲಲ್ಲೇ ನಿಂತರು. ಬೆಳಗಿನಿಂದ ತಡೆದುಕೊಂಡಿದ್ದ ಕೆಮ್ಮನ್ನು ಕೆಮ್ಮಿದರು. ಏಳು ವರ್ಷದ ಮೇಲೆ ಆ ಬಾಗಿಲಲ್ಲಿ, ಒಳಗಿರುವವರಿಗೆ ಕೇಳುವಷ್ಟು ಗಟ್ಟಿಯಾಗಿ, "ಅಸ್ಸಲಾಮು ಅಲೈಕುಂ" ಎಂದರು. ಕಾವಲಿನ ರೂಢಿಯಂತೆ ಗಡಿಯಾರ ನೋಡಿಕೊಂಡು ಒಂದು ನಿಮಿಷ ಕಾದರು. ಆಮೇಲೆ, ಆಕೆ ಹೇಳುತ್ತಿದ್ದಷ್ಟೇ ನಿಧಾನವಾಗಿ ತಾವೇ ಉತ್ತರ ಹೇಳಿಕೊಂಡು, ಚಪ್ಪಲಿ ಬಿಟ್ಟು ಒಳಗೆ ಹೋದರು.